ಅಪರೂಪಕ್ಕೆ ಓಡುವ ಕಾರಿಗೆ ರಸ್ತೆಬದಿ ನೆರವು: ಆರಿಸಿಕೊಳ್ಳುವ ಬಗೆ

ತುಮಕೂರಿನಲ್ಲಿ ಕಾರು ಇಟ್ಟುಕೊಂಡಿರುವ ಎಷ್ಟೋ ಮನೆಗಳಲ್ಲಿ ಅದು ವಾರದ ಬಹುಪಾಲು ದಿನ ಗೇಟಿನೊಳಗೇ ನಿಂತಿರುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಬೆಳಗಿನ ರೈಲು ಹಿಡಿಯುತ್ತಾರೆ, ಊರೊಳಗಿನ ಓಡಾಟಕ್ಕೆ ಸ್ಕೂಟರ್ ಸಾಕಾಗುತ್ತದೆ, ಮಕ್ಕಳು ಪರಊರಿನಲ್ಲಿರುವ ಹಿರಿಯರ ಮನೆಗಳಲ್ಲಂತೂ ಕಾರು ಹೊರಬರುವುದು ಮದುವೆಗೋ ಮನೆದೇವರಿಗೋ ಆಸ್ಪತ್ರೆಗೋ ಹೊರಟಾಗ ಮಾತ್ರ. ಇಂಥ ಕಾರಿನ ವಿಮೆಯನ್ನು ನವೀಕರಿಸುವ ಹೊತ್ತಿಗೆ ಏಜೆಂಟರು ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ದಾರಿಯಲ್ಲಿ ಗಾಡಿ ಕೆಟ್ಟಾಗ ಸಿಗುವ ನೆರವಿನ ರಕ್ಷಣೆಯನ್ನೂ ಸೇರಿಸಲೇ ಎಂದು ಕೇಳುತ್ತಾರೆ. ಓಡದ ಕಾರಿಗೆ ಇದೇಕೆ ಎಂದು ಬೇಡವೆನ್ನುವವರೂ ಇದ್ದಾರೆ, ಇರಲಿ ಬಿಡಿ ಎಂದು ಹಣ ಕಟ್ಟಿ ಮರೆಯುವವರೂ ಇದ್ದಾರೆ. ಎರಡಕ್ಕೂ ಮೊದಲು ಯೋಚಿಸಬೇಕಾದದ್ದು ಒಂದಿದೆ. ದಿನವೂ ಓಡುವ ಕಾರು ಕೆಡುವ ಜಾಗ ಬೇರೆ, ನಿಂತೇ ಇರುವ ಕಾರು ಕೆಡುವ ಜಾಗ ಬೇರೆ. ಮಾರುಕಟ್ಟೆಯಲ್ಲಿರುವ ಹೆಚ್ಚಿನ ಯೋಜನೆಗಳನ್ನು ಮೊದಲನೆಯ ಬಗೆಯ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿರುತ್ತದೆ. ಎರಡನೆಯ ಬಗೆಯ ಕಾರಿಗೆ ಒದಗುವ ಯೋಜನೆಯನ್ನು ನಾವೇ ಷರತ್ತು ಓದಿ ಹುಡುಕಿಕೊಳ್ಳಬೇಕಾಗುತ್ತದೆ.

ಮೊದಲ ಹೆಜ್ಜೆ: ನಿಮ್ಮ ಕಾರು ಎಲ್ಲಿ ಕೈಕೊಡಬಹುದು ಎಂದು ಗುರುತಿಸಿ

ನಿಂತ ಕಾರಿನಲ್ಲಿ ಮೊದಲು ಸೋಲುವುದು ಬ್ಯಾಟರಿ. ಕಾರು ಲಾಕ್ ಆಗಿದ್ದರೂ ಅಲಾರಂ, ರಿಮೋಟ್ ರಿಸೀವರ್, ಗಡಿಯಾರ, ಇಂಜಿನ್ ಕಂಪ್ಯೂಟರ್‌ನ ನೆನಪು ಇವೆಲ್ಲ ಸೇರಿ ಅಲ್ಪ ಪ್ರಮಾಣದ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಈ ಎಳೆತ 50 ಮಿಲಿಆಂಪಿಯರ್ ಇದೆ ಎಂದು ಇಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚಾಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಈ ಲೆಕ್ಕದಲ್ಲಿ ಒಂದು ತಿಂಗಳೊಳಗೆ ಪೂರ್ತಿ ಬರಿದಾಗುತ್ತದೆ, ಸೆಲ್ಫ್ ಹೊಡೆಯುವಷ್ಟು ಬಲವನ್ನಂತೂ ಅದಕ್ಕಿಂತ ಬಹಳ ಮೊದಲೇ ಕಳೆದುಕೊಳ್ಳುತ್ತದೆ. ಬ್ಯಾಟರಿಗೆ ಮೂರು ನಾಲ್ಕು ವರ್ಷ ಆಗಿದ್ದರೆ ಈ ಅವಧಿ ಇನ್ನೂ ಕಡಿಮೆ.

ಅದರ ನಂತರದ ಸರದಿ ಟೈರ್ ಮತ್ತು ಬ್ರೇಕಿನದು. ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತ ಟೈರಿನ ಗಾಳಿ ಇಳಿಯುತ್ತದೆ, ಹ್ಯಾಂಡ್‌ಬ್ರೇಕ್ ಎಳೆದು ಮಳೆಗಾಲವೆಲ್ಲ ಬಿಟ್ಟರೆ ಹಿಂಬದಿಯ ಬ್ರೇಕ್ ಡ್ರಮ್ಮಿಗೆ ಅಂಟಿಕೊಂಡು ಚಕ್ರ ತಿರುಗುವುದೇ ಇಲ್ಲ. ಬಾನೆಟ್ಟಿನ ಒಳಗೆ ಇಲಿ ಸೇರಿ ವೈರು ಕಡಿಯುವುದು ನಮ್ಮ ಕಡೆ, ಅದರಲ್ಲೂ ಹೊಲ ತೋಟಗಳಿಗೆ ಹತ್ತಿರದ ಬಡಾವಣೆಗಳಲ್ಲಿ, ಹೊಸ ಸಂಗತಿಯೇನಲ್ಲ. ಇವೆಲ್ಲವೂ ಬೆಳಕಿಗೆ ಬರುವುದು ಮನೆಯ ಗೇಟಿನಲ್ಲಿ, ಹೊರಡಬೇಕಾದ ಗಳಿಗೆಯಲ್ಲಿ.

ಇನ್ನೊಂದು ಅಪಾಯ ದೂರದ ದಾರಿಯದು. ತಿಂಗಳುಗಟ್ಟಲೆ ನಿಂತಿದ್ದ ಕಾರು ಒಮ್ಮೆಲೇ ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುತ್ತದೆ. ತಿಪಟೂರು, ಅರಸೀಕೆರೆ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಹೊತ್ತಿಗೆ ಹಳೆಯ ಟೈರು, ಸವೆದ ಬೆಲ್ಟು, ಸಡಿಲವಾದ ಹೋಸ್ ಪೈಪು ಎಲ್ಲವೂ ಒಂದೇ ದಿನದಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಹೀಗಾಗಿ ಅಪರೂಪಕ್ಕೆ ಓಡುವ ಕಾರು ಮನೆ ಬಾಗಿಲಲ್ಲಿ ಕೆಡುತ್ತದೆ, ಇಲ್ಲವೇ ಮನೆಯಿಂದ ಬಹಳ ದೂರದಲ್ಲಿ ಕೆಡುತ್ತದೆ. ನಡುವಿನ ನಿತ್ಯದ ಓಡಾಟ ಅದಕ್ಕಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಜಾಗಗಳನ್ನು ನೆನಪಿನಲ್ಲಿ ಇಟ್ಟುಕೊಂಡೇ ನಡೆಯಬೇಕು.

ಎರಡನೆಯ ಹೆಜ್ಜೆ: ಕೈಯಲ್ಲಿರುವುದನ್ನು ಮೊದಲು ನೋಡಿ

ಹೊಸದನ್ನು ಕೊಳ್ಳುವ ಮುನ್ನ ಈಗಿರುವ ವಿಮೆಯ ಪಾಲಿಸಿ ಶೆಡ್ಯೂಲನ್ನು ತೆಗೆದು ಪ್ರೀಮಿಯಂ ಲೆಕ್ಕದ ಕೋಷ್ಟಕವನ್ನು ಗಮನವಿಟ್ಟು ಓದಿ. ಒಂದು ಬದಿಯಲ್ಲಿ ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗುವ ಹಾನಿಯ) ಭಾಗ, ಇನ್ನೊಂದು ಬದಿಯಲ್ಲಿ ಥರ್ಡ್ ಪಾರ್ಟಿ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ) ಭಾಗ ಇರುತ್ತದೆ. ಓನ್ ಡ್ಯಾಮೇಜ್ ಭಾಗದ ಕೆಳಗೆ ಆಡ್-ಆನ್‌ಗಳ, ಅಂದರೆ ಹೆಚ್ಚುವರಿ ಹಣಕ್ಕೆ ಸೇರಿಸಿಕೊಳ್ಳುವ ರಕ್ಷಣೆಗಳ ಸಾಲಿನಲ್ಲಿ ಝೀರೋ ಡಿಪ್ರಿಸಿಯೇಷನ್, ಇಂಜಿನ್ ಪ್ರೊಟೆಕ್ಟ್ ಇವುಗಳ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಎಂಬ ಹೆಸರೂ ಅದರ ಮುಂದೆ ಒಂದು ಮೊತ್ತವೂ ಇದ್ದರೆ, ನೀವು ಆಗಲೇ ಹಣ ಕಟ್ಟಿದ್ದೀರಿ ಎಂದರ್ಥ. ಗೊತ್ತಿಲ್ಲದೆ ಎರಡೆರಡು ಕಡೆ ಕಟ್ಟುತ್ತಿರುವ ಕುಟುಂಬಗಳು ಕಡಿಮೆಯೇನಿಲ್ಲ.

ಕಾರು ಹೊಸದಾಗಿದ್ದರೆ ತಯಾರಕ ಕಂಪನಿಯ ಉಚಿತ ನೆರವು ಇನ್ನೂ ಚಾಲ್ತಿಯಲ್ಲಿರಬಹುದು. ಅದು ಓಡಿದ ಕಿಲೋಮೀಟರ್ ನೋಡಿ ಮುಗಿಯುವುದಲ್ಲ, ಸಾಮಾನ್ಯವಾಗಿ ಕಾರು ಕೊಂಡ ದಿನದಿಂದ ವರ್ಷಗಳ ಲೆಕ್ಕದಲ್ಲಿ ಮುಗಿಯುತ್ತದೆ. ಮೀಟರಿನಲ್ಲಿ ಎಂಟು ಸಾವಿರ ಕಿಲೋಮೀಟರ್ ಮಾತ್ರ ಆಗಿದೆ, ಆದ್ದರಿಂದ ಕಂಪನಿಯ ರಕ್ಷಣೆ ಇನ್ನೂ ಇದೆ ಎಂದು ಭಾವಿಸಬೇಡಿ. ಸರ್ವೀಸ್ ಪುಸ್ತಕದಲ್ಲಿರುವ ದಿನಾಂಕವನ್ನೇ ನೋಡಿ.

ಕಾರಿಗೆ ಇರುವುದು ಥರ್ಡ್ ಪಾರ್ಟಿ ಪಾಲಿಸಿ ಮಾತ್ರವಾದರೆ ವಿಮಾ ಕಂಪನಿಯ ಆಡ್-ಆನ್ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ, ಏಕೆಂದರೆ ಆಡ್-ಆನ್‌ಗಳು ಓನ್ ಡ್ಯಾಮೇಜ್ ಭಾಗಕ್ಕೆ ಅಂಟಿಕೊಂಡು ಬರುವಂಥವು. ಹಳೆಯ ಕಾರುಗಳಲ್ಲಿ ಇದೇ ಹೆಚ್ಚಾಗಿ ಕಾಣುವ ಸ್ಥಿತಿ.

ಮೂರನೆಯ ಹೆಜ್ಜೆ: ಕಾಗದಪತ್ರ ಸರಿಪಡಿಸಿಕೊಳ್ಳಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಬಿಡುತ್ತಾರೆ. ಅಪರೂಪಕ್ಕೆ ಓಡುವ ಕಾರುಗಳಲ್ಲಿ ಎಷ್ಟೋ ತಂದೆಯವರ ಹೆಸರಿನಲ್ಲಿ ಇರುತ್ತವೆ, ತಂದೆ ತೀರಿಕೊಂಡು ವರ್ಷಗಳಾಗಿರುತ್ತವೆ, ಕಾರು ಮಾತ್ರ ಅದೇ ಆರ್.ಸಿ.ಯಲ್ಲಿ ಮುಂದುವರಿದಿರುತ್ತದೆ. ಮಾಲೀಕರು ತೀರಿಕೊಂಡಾಗ ವಾರಸುದಾರರು 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಹಳೆಯ ಕಾರನ್ನು ಕೊಂಡುಕೊಂಡಿದ್ದರೆ ವಿಮೆಯ ಓನ್ ಡ್ಯಾಮೇಜ್ ಭಾಗವನ್ನು ನಿಮ್ಮ ಹೆಸರಿಗೆ ಬದಲಾಯಿಸಲು 14 ದಿನದೊಳಗೆ ಕೇಳಿಕೊಳ್ಳಬೇಕು. ರಸ್ತೆಬದಿ ನೆರವನ್ನು ವಾಹನದ ನೋಂದಣಿ ಸಂಖ್ಯೆ ಮತ್ತು ಷಾಸಿ ಸಂಖ್ಯೆಗೆ ಜೋಡಿಸಿರುವುದರಿಂದ ಸಣ್ಣ ಕೆಲಸಗಳಿಗೆ ಯಾರೂ ಹೆಸರು ಕೇಳದಿರಬಹುದು. ಆದರೆ ಟೋಯಿಂಗ್ ವೇಳೆ, ಅಂದರೆ ಕೆಟ್ಟ ಕಾರನ್ನು ಬೇರೆ ಗಾಡಿಯಲ್ಲಿ ಸಾಗಿಸುವಾಗ, ಅದಕ್ಕೆ ಪೆಟ್ಟಾಗಿ ಕ್ಲೇಮು ಮಾಡಬೇಕಾಗಿ ಬಂದರೆ, ಆ ಹೆಸರಿನ ತೊಡಕು ಆಗ ಎದ್ದು ನಿಲ್ಲುತ್ತದೆ.

ಕಾರು ಓಡುತ್ತಿಲ್ಲವಲ್ಲ ಎಂದು ವಿಮೆ ತಪ್ಪಿಸುವುದಂತೂ ಬೇಡವೇ ಬೇಡ. ವಿಮೆ ಇಲ್ಲದೆ ರಸ್ತೆಗಿಳಿದರೆ ಮೊದಲ ಸಲಕ್ಕೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡವಿದೆ, ಜೈಲು ಶಿಕ್ಷೆಗೂ ಅವಕಾಶವಿದೆ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ವರ್ಷಗಳಿಂದ ಕೂಡಿಟ್ಟ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ. ಅಪರೂಪಕ್ಕೆ ಓಡುವ ಕಾರಿಗೆ ಕ್ಲೇಮು ಕಡಿಮೆಯಾದ್ದರಿಂದ ಆ ಬೋನಸ್ ಶೇ. 50ರವರೆಗೂ ಏರಿರಬಹುದು, ಅದನ್ನು ಕಳೆದುಕೊಳ್ಳುವ ನಷ್ಟ ಇಡೀ ರಸ್ತೆಬದಿ ನೆರವಿನ ಬೆಲೆಗಿಂತ ಹೆಚ್ಚು. ಚಾಲ್ತಿಯಲ್ಲಿರುವ ವಿಮೆ ಇಲ್ಲದ ವಾಹನಕ್ಕೆ ನೆರವನ್ನೇ ಕೊಡುವುದಿಲ್ಲವೆಂಬ ಷರತ್ತನ್ನೂ ಹಲವು ಯೋಜನೆಗಳಲ್ಲಿ ಕಾಣಬಹುದು.

ನಾಲ್ಕನೆಯ ಹೆಜ್ಜೆ: ಮೂರು ಬಾಗಿಲುಗಳಲ್ಲಿ ಯಾವುದು ನಿಮ್ಮದು

ರಸ್ತೆಬದಿ ನೆರವು ಮೂರು ಕಡೆಯಿಂದ ದೊರೆಯುತ್ತದೆ. ವಿಮಾ ಕಂಪನಿಯ ಆಡ್-ಆನ್ ಒಂದು, ಕಾರು ತಯಾರಕರು ವರ್ಷಕ್ಕಿಷ್ಟು ಎಂದು ಮಾರುವ ವಿಸ್ತರಣೆ ಇನ್ನೊಂದು, ಈ ಸೇವೆಯನ್ನೇ ವ್ಯವಹಾರವಾಗಿ ನಡೆಸುವ ಸ್ವತಂತ್ರ ಸಂಸ್ಥೆಗಳ ಸದಸ್ಯತ್ವ ಮತ್ತೊಂದು. ಸಾಮಾನ್ಯವಾಗಿ ಆಡ್-ಆನ್ ಎಲ್ಲಕ್ಕಿಂತ ಅಗ್ಗ. ವಿಮೆಯ ಜೊತೆಗೇ ನವೀಕರಣಗೊಳ್ಳುವುದರಿಂದ ದಿನಾಂಕ ಮರೆಯುವ ಭಯವೂ ಇಲ್ಲ. ನೆರವು ಪಡೆದ ಮಾತ್ರಕ್ಕೆ ನೋ ಕ್ಲೇಮ್ ಬೋನಸ್‌ಗೆ ಸಾಮಾನ್ಯವಾಗಿ ಕುತ್ತು ಬರುವುದಿಲ್ಲ, ಆದರೂ ಕೊಳ್ಳುವ ಮುನ್ನ ಅದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ನನ್ನ ಅಭಿಪ್ರಾಯದಲ್ಲಿ ಓನ್ ಡ್ಯಾಮೇಜ್ ವಿಮೆ ಇರುವ, ಗೇರ್ ಹಾಕಿ ಓಡಿಸುವ ಸಾಮಾನ್ಯ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಒಳ್ಳೆಯ ಆಡ್-ಆನ್ ಸಾಕು. ಆಟೋಮ್ಯಾಟಿಕ್ ಮತ್ತು ಎಲೆಕ್ಟ್ರಿಕ್ ಕಾರುಗಳಿಗೆ ತಯಾರಕರ ವಿಸ್ತರಣೆಯೇ ಮೇಲು, ಏಕೆಂದರೆ ಅವನ್ನು ಎತ್ತಿ ಸಾಗಿಸುವ ಕ್ರಮ ತಿಳಿದವರು ಬರುತ್ತಾರೆ ಮತ್ತು ಕಾರು ನೇರವಾಗಿ ಆ ಕಂಪನಿಯ ವರ್ಕ್‌ಶಾಪಿಗೇ ಸೇರುತ್ತದೆ. ಥರ್ಡ್ ಪಾರ್ಟಿ ಮಾತ್ರ ಇರುವ ಹಳೆಯ ಕಾರಿಗೆ ಸ್ವತಂತ್ರ ಸದಸ್ಯತ್ವವೇ ಗತಿ. ಅದರಲ್ಲಿ ಕಾರಿನ ವಯಸ್ಸಿನ ಮಿತಿ ಇದೆಯೇ ಎಂದು ಮೊದಲು ಕೇಳಿ, ಉಳಿದದ್ದನ್ನು ಆಮೇಲೆ ನೋಡಿದರಾಯಿತು.

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2022ರ ಜುಲೈನಲ್ಲಿ, ಓಡಿದಷ್ಟಕ್ಕೆ ಪ್ರೀಮಿಯಂ ಕಟ್ಟುವ 'ಪೇ ಆ್ಯಸ್ ಯು ಡ್ರೈವ್' ಬಗೆಯ ಆಡ್-ಆನ್‌ಗಳಿಗೆ ಅನುಮತಿ ಕೊಟ್ಟಿತು. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಇದರಿಂದ ಓನ್ ಡ್ಯಾಮೇಜ್ ಪ್ರೀಮಿಯಂ ತಗ್ಗಬಹುದು, ಉಳಿದ ಹಣದಲ್ಲಿ ಒಳ್ಳೆಯ ರಸ್ತೆಬದಿ ನೆರವನ್ನೇ ಕೊಳ್ಳಬಹುದು. ಆದರೆ ಒಪ್ಪಿಕೊಂಡ ಕಿಲೋಮೀಟರ್ ಮಿತಿ ಮುಗಿದ ಮೇಲೆ ಓನ್ ಡ್ಯಾಮೇಜ್ ಭಾಗಕ್ಕೂ ಅದಕ್ಕೆ ಅಂಟಿದ ಆಡ್-ಆನ್‌ಗೂ ಏನಾಗುತ್ತದೆ ಎಂದು ಕೇಳದೆ ಸಹಿ ಹಾಕಬೇಡಿ. ಮಾರ್ಚಿನಲ್ಲಿ ಮಿತಿ ಮುಗಿದು ಏಪ್ರಿಲಿನಲ್ಲಿ ಮದುವೆಗೆ ಹೊರಟವರಿಗೆ ಈ ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಐದನೆಯ ಹೆಜ್ಜೆ: ಮನೆ ಬಾಗಿಲಿನ ಷರತ್ತನ್ನು ಹುಡುಕಿ ಓದಿ

ನಿಂತಿರುವ ಕಾರಿನ ಮಾಲೀಕರು ಷರತ್ತುಗಳ ಪುಸ್ತಕದಲ್ಲಿ ಒಂದೇ ಒಂದು ಸಾಲು ಓದುವುದಾದರೆ ಅದು ಇದೇ ಆಗಿರಬೇಕು: ನೋಂದಾಯಿತ ವಿಳಾಸದಲ್ಲಿ, ಅಂದರೆ ನಿಮ್ಮ ಮನೆಯಲ್ಲೇ, ಕಾರು ಸ್ಟಾರ್ಟ್ ಆಗದಿದ್ದರೆ ನೆರವು ಸಿಗುತ್ತದೆಯೇ ಇಲ್ಲವೇ? ಕೆಲವು ಯೋಜನೆಗಳು ಮನೆಯಲ್ಲಿ ನಿಂತ ಕಾರನ್ನು ಸ್ಪಷ್ಟವಾಗಿ ಒಳಗೊಳ್ಳುತ್ತವೆ. ಕೆಲವು ಮನೆಯಿಂದ ಇಂತಿಷ್ಟು ಕಿಲೋಮೀಟರ್ ಆಚೆ ಕೆಟ್ಟರೆ ಮಾತ್ರ ಬರುತ್ತೇವೆ ಎನ್ನುತ್ತವೆ. ಇನ್ನು ಕೆಲವು ಈ ಬಗ್ಗೆ ಏನನ್ನೂ ಹೇಳದೆ, ವಾಹನವು 'ಸಂಚಾರದಲ್ಲಿದ್ದಾಗ ನಿಶ್ಚಲಗೊಂಡರೆ' ಎಂಬ ಅರ್ಥದ ಮಾತನ್ನು ಬ್ರೇಕ್‌ಡೌನ್ ಎಂಬ ಪದದ ವ್ಯಾಖ್ಯೆಯೊಳಗೆ ಸೇರಿಸಿಬಿಟ್ಟಿರುತ್ತವೆ. ಆ ವ್ಯಾಖ್ಯೆ ಪುಸ್ತಕದ ಮೊದಲ ಪುಟಗಳಲ್ಲಿ ಇರುತ್ತದೆ, ಸೌಲಭ್ಯಗಳ ಬಣ್ಣದ ಪಟ್ಟಿ ಅದಾದ ಮೇಲೆ ಬರುತ್ತದೆ, ಓದುಗರ ಕಣ್ಣು ಪಟ್ಟಿಯ ಮೇಲೇ ನಿಲ್ಲುತ್ತದೆ. ದಯವಿಟ್ಟು ವ್ಯಾಖ್ಯೆಯಿಂದಲೇ ಓದಲು ತೊಡಗಿ.

ಇದರ ಬೆನ್ನಿಗೇ ನೋಡಬೇಕಾದದ್ದು ಒಂದೇ ಕಾರಣಕ್ಕೆ ಮರಳಿ ಮರಳಿ ಕರೆಯುವುದರ ಮೇಲಿನ ನಿರ್ಬಂಧ. ವರ್ಷಕ್ಕೆ ನಾಲ್ಕು ಸಲ ನೆರವು ಎಂದು ಬರೆದಿದ್ದರೂ, ರಿಪೇರಿ ಮಾಡಿಸದೆ ಬಿಟ್ಟ ಅದೇ ದೋಷಕ್ಕೆ ಎರಡನೆಯ ಅಥವಾ ಮೂರನೆಯ ಬಾರಿ ಬರುವುದಿಲ್ಲವೆಂದು ಬೇರೊಂದು ಕಡೆ ಬರೆದಿರಬಹುದು. ಬ್ಯಾಟರಿ ಡೌನ್ ಆಗುವ ಕಾರಿಗೆ ಇದು ನೇರವಾಗಿ ತಟ್ಟುತ್ತದೆ. ಯುಗಾದಿಗೆ ಒಮ್ಮೆ, ಗೌರಿ ಗಣೇಶ ಹಬ್ಬಕ್ಕೆ ಒಮ್ಮೆ ಜಂಪ್ ಸ್ಟಾರ್ಟ್ (ಹೊರಗಿನ ಬ್ಯಾಟರಿಯ ಬಲದಿಂದ ಸ್ಟಾರ್ಟ್) ಮಾಡಿಸಿ, ದೀಪಾವಳಿಗೆ ಮತ್ತೆ ಕರೆದರೆ, ಬ್ಯಾಟರಿ ಬದಲಾಯಿಸಿದ ಬಿಲ್ಲು ತೋರಿಸಿ ಎಂದು ಅವರು ಕೇಳಬಹುದು, ಹಾಗೆ ಕೇಳುವುದರಲ್ಲಿ ನ್ಯಾಯವೂ ಇದೆ.

ಕೊಂಡ ದಿನದಿಂದಲೇ ರಕ್ಷಣೆ ಆರಂಭವಾಗುತ್ತದೆಯೇ ಎಂಬುದನ್ನೂ ಇಲ್ಲೇ ಗಮನಿಸಿ. ಕೆಲವು ಸದಸ್ಯತ್ವಗಳಿಗೆ ಕೆಲವು ದಿನಗಳ ಕಾಯುವ ಅವಧಿ ಇರುತ್ತದೆ. ಕಾರು ಕೆಟ್ಟ ಮೇಲೆ ಆ್ಯಪ್ ತೆರೆದು ಕೊಳ್ಳುವವರನ್ನು ತಡೆಯುವುದಕ್ಕೆಂದೇ ಮಾಡಿದ ಏರ್ಪಾಡು ಅದು. ಶನಿವಾರ ಪ್ರಯಾಣವಿದ್ದರೆ ಶುಕ್ರವಾರ ಕೊಂಡದ್ದು ಉಪಯೋಗಕ್ಕೆ ಬಾರದೆ ಹೋಗಬಹುದು.

ಆರನೆಯ ಹೆಜ್ಜೆ: ಟೋಯಿಂಗ್ ದೂರವನ್ನು ನಿಮ್ಮ ಜಿಲ್ಲೆಯ ನಕ್ಷೆಯ ಮೇಲಿಟ್ಟು ಅಳೆಯಿರಿ

ಬೆಂಗಳೂರಿನಲ್ಲಿ 25 ಕಿಲೋಮೀಟರ್ ಟೋಯಿಂಗ್ ಎಂದರೆ ಹಲವು ವರ್ಕ್‌ಶಾಪುಗಳು ಅದರೊಳಗೆ ಬಂದುಬಿಡುತ್ತವೆ. ತುಮಕೂರು ಜಿಲ್ಲೆಯ ಅಳತೆಯೇ ಬೇರೆ. ಪಾವಗಡದ ಬಹುಪಾಲು ಗಡಿ ಆಂಧ್ರಕ್ಕೆ ಅಂಟಿಕೊಂಡಿದೆ, ಅಲ್ಲಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ನಿಮ್ಮ ಕಾರಿನ ಅಧಿಕೃತ ವರ್ಕ್‌ಶಾಪ್ ಇರುವುದು ತುಮಕೂರಿನಲ್ಲಿ ಮಾತ್ರವಾಗಿ, ಯೋಜನೆಯಲ್ಲಿ 50 ಕಿಲೋಮೀಟರ್ ಮಾತ್ರ ಉಚಿತವಿದ್ದರೆ, ಉಳಿದ 50 ಕಿಲೋಮೀಟರಿನ ಬಾಡಿಗೆ ನಿಮ್ಮದೇ. ಕಿಲೋಮೀಟರಿಗೆ 60 ರೂಪಾಯಿ ಎಂದು ಲೆಕ್ಕ ಹಿಡಿದರೂ 3,000 ರೂಪಾಯಿ ಆಗುತ್ತದೆ, ಅದು ಒಂದು ವರ್ಷದ ಸದಸ್ಯತ್ವಕ್ಕಿಂತ ಹೆಚ್ಚು. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರೂ ತಮ್ಮ ಊರಿಂದ ತಮ್ಮ ಕಾರಿನ ಹತ್ತಿರದ ಅಧಿಕೃತ ವರ್ಕ್‌ಶಾಪಿಗೆ ಎಷ್ಟು ದೂರ ಎಂದು ಮೊಬೈಲ್ ನಕ್ಷೆಯಲ್ಲಿ ಒಮ್ಮೆ ಅಳೆದು, ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಯೋಜನೆ ಹುಡುಕಬೇಕು.

ದೂರವನ್ನು ಅವರು ಎಲ್ಲಿಂದ ಎಣಿಸುತ್ತಾರೆ ಎಂಬುದು ದೂರದಷ್ಟೇ ಮುಖ್ಯ. ಕಾರು ಕೆಟ್ಟ ಜಾಗದಿಂದ ವರ್ಕ್‌ಶಾಪಿಗೆ ಎಣಿಸುವವರಿದ್ದಾರೆ. ಟೋಯಿಂಗ್ ಗಾಡಿ ತನ್ನ ನೆಲೆಯಿಂದ ಹೊರಟು ಮರಳಿ ನೆಲೆ ಸೇರುವವರೆಗಿನ ಒಟ್ಟು ದೂರವನ್ನು ಎಣಿಸುವವರೂ ಇದ್ದಾರೆ. ಎರಡನೆಯ ಲೆಕ್ಕದಲ್ಲಿ, ಶಿರಾದಲ್ಲಿ ಕೆಟ್ಟ ಕಾರಿಗೆ ತುಮಕೂರಿನಿಂದ ಗಾಡಿ ಬರುವಷ್ಟರಲ್ಲೇ 50 ಕಿಲೋಮೀಟರ್ ಮುಗಿದುಹೋಗಿರುತ್ತದೆ.

ಯಾವ ಬಗೆಯ ಗಾಡಿ ಬರುತ್ತದೆ ಎಂದೂ ಕೇಳಿ. ಮುಂದಿನ ಎರಡು ಚಕ್ರ ಎತ್ತಿ ಎಳೆದೊಯ್ಯುವ ಕ್ರೇನು ಎಲ್ಲ ಕಾರಿಗೂ ಆಗುವುದಿಲ್ಲ. ಎಲೆಕ್ಟ್ರಿಕ್ ಕಾರು ಮತ್ತು ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಕಾರುಗಳನ್ನು ಇಡಿಯಾಗಿ ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್‌ನಲ್ಲೇ ಸಾಗಿಸಬೇಕು, ಆಟೋಮ್ಯಾಟಿಕ್ ಕಾರಿಗೂ ಅದೇ ಸುರಕ್ಷಿತ. ಬ್ರೇಕ್ ಅಂಟಿ ಚಕ್ರ ತಿರುಗದಂತಾದ ಕಾರನ್ನು ನೆಲದ ಮೇಲೆ ಎಳೆದರೆ ಟೈರು ಹಾಳಾಗುತ್ತದೆ. ಚಿಕ್ಕಪೇಟೆಯಂಥ ಹಳೆಯ ಬಡಾವಣೆಗಳ ಕಿರಿದಾದ ಬೀದಿಗೆ ಫ್ಲಾಟ್‌ಬೆಡ್ ಲಾರಿ ನುಗ್ಗುವುದೇ ಕಷ್ಟ, ಅಲ್ಲಿ ವಾಸವಿರುವವರು ಅದನ್ನು ಮೊದಲೇ ತಿಳಿಸಿ ಉತ್ತರ ಪಡೆದುಕೊಳ್ಳುವುದು ಒಳ್ಳೆಯದು.

ಅಪಘಾತದ ಟೋಯಿಂಗ್ ಬೇರೆ, ಕೆಟ್ಟು ನಿಂತದ್ದರ ಟೋಯಿಂಗ್ ಬೇರೆ ಎಂಬುದನ್ನೂ ಮರೆಯಬಾರದು. ಸಾಮಾನ್ಯ ಓನ್ ಡ್ಯಾಮೇಜ್ ಪಾಲಿಸಿಯಲ್ಲೇ ಅಪಘಾತವಾದ ಖಾಸಗಿ ಕಾರನ್ನು ವರ್ಕ್‌ಶಾಪಿಗೆ ಸಾಗಿಸಲು 1,500 ರೂಪಾಯಿವರೆಗೆ ಅವಕಾಶ ಇರುವ ವಾಡಿಕೆಯಿದೆ. ಬ್ಯಾಟರಿ ಹೋದದ್ದಕ್ಕೆ, ಇಂಜಿನ್ ಬಿಸಿಯಾಗಿ ನಿಂತದ್ದಕ್ಕೆ ಅದು ಅನ್ವಯಿಸುವುದಿಲ್ಲ.

ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದರೆ 1033 ಎಂಬ ಸಹಾಯವಾಣಿ ಇದೆ. ತುಮಕೂರಿನ ಮೂಲಕ ಹಾಯುವ 48, ಕೋಲಾರದ 75, ಚಿಕ್ಕಬಳ್ಳಾಪುರದ 44 ಈ ಮೂರೂ ಹೆದ್ದಾರಿಗಳಲ್ಲಿ ಟೋಲ್ ವ್ಯವಸ್ಥೆಯ ಭಾಗವಾಗಿ ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ಇರುತ್ತವೆ. ಆ ಕ್ರೇನಿನ ಕೆಲಸ ನಿಮ್ಮ ಕಾರನ್ನು ದಾರಿಯಿಂದ ಸರಿಸಿ ಸುರಕ್ಷಿತ ಜಾಗಕ್ಕೆ ತರುವುದೇ ಹೊರತು ವರ್ಕ್‌ಶಾಪಿಗೆ ಒಯ್ಯುವುದಲ್ಲ. ಆದರೂ ವೇಗವಾಗಿ ಲಾರಿಗಳು ಹಾಯುವ ದಾರಿಯಲ್ಲಿ ಅದು ಜೀವ ಉಳಿಸುವ ಸೇವೆ, ಮೊದಲ ಕರೆ ಅದಕ್ಕೇ ಹೋಗಲಿ. ಹೆದ್ದಾರಿ ಬಿಟ್ಟು ತಾಲ್ಲೂಕಿನ ಒಳರಸ್ತೆಗೆ ಇಳಿದ ಮೇಲೆ ಅದು ಸಿಗುವುದಿಲ್ಲ, ನೀವು ಹಣ ಕೊಟ್ಟು ಕೊಂಡ ಯೋಜನೆಯ ನಿಜವಾದ ಬಳಕೆ ಅಲ್ಲೇ.

ಏಳನೆಯ ಹೆಜ್ಜೆ: ಉಳಿದ ಸೌಲಭ್ಯಗಳನ್ನು ತೂಗಿ ನೋಡಿ

ಹೋಟೆಲ್ ವಾಸ್ತವ್ಯ, ಟ್ಯಾಕ್ಸಿ ಖರ್ಚು, ಸಂದೇಶ ತಲುಪಿಸುವ ಸೇವೆ ಇವೆಲ್ಲ ಪಟ್ಟಿಯನ್ನು ಉದ್ದಗೊಳಿಸುತ್ತವೆ. ವರ್ಷಕ್ಕೊಮ್ಮೆ ದೂರ ಹೋಗುವವರು ಇವಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಇಂಧನ ತಂದುಕೊಡುವ ಸೌಲಭ್ಯದಲ್ಲಿ ಸಾಮಾನ್ಯವಾಗಿ ತರುವ ಕೆಲಸ ಮಾತ್ರ ಉಚಿತ, ಇಂಧನದ ಬೆಲೆ ನಿಮ್ಮದು.

ಟೈರು ಬದಲಾಯಿಸುವ ಸೌಲಭ್ಯವನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಿ. ಬಂದವರು ನಿಮ್ಮ ಸ್ಟೆಪ್ನಿಯನ್ನೇ ಹಾಕಿಕೊಡುತ್ತಾರೆ. ಸ್ಟೆಪ್ನಿಯಲ್ಲಿ ಗಾಳಿ ಇಲ್ಲದಿದ್ದರೆ ಅಥವಾ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲದೆ ಪಂಕ್ಚರ್ ಕಿಟ್ ಮಾತ್ರ ಕೊಟ್ಟಿದ್ದರೆ ಆ ಸೌಲಭ್ಯದಿಂದ ಹೆಚ್ಚಿನ ಪ್ರಯೋಜನವಿಲ್ಲ. ಟೈರಿನ ಬದಿಯಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಕಡಿಮೆ ಓಡಿದ ಕಾರಿನ ಟೈರು ನೋಡಲು ಹೊಸದರಂತೆಯೇ ಇರುತ್ತದೆ, ಗೀರುಗಳೂ ಆಳವಾಗಿಯೇ ಇರುತ್ತವೆ, ಆದರೆ ಆರು ವರ್ಷ ದಾಟಿದ ರಬ್ಬರು ಬಿಸಿಲಿಗೆ ಬಿರಿದು ಗಟ್ಟಿಯಾಗಿರಬಹುದು. ಸ್ಟೆಪ್ನಿಯ ವಯಸ್ಸನ್ನೂ ಹಾಗೆಯೇ ಓದಿಕೊಳ್ಳಿ, ಅದು ಕಾರಿನಷ್ಟೇ ಹಳೆಯದಾಗಿರುವುದೇ ಹೆಚ್ಚು.

ಕೀ ಕಳೆದರೆ ಅಥವಾ ಒಳಗೇ ಉಳಿದರೆ ಸಿಗುವ ನೆರವು ಈ ಬಗೆಯ ಕಾರಿಗೆ ಉಪಯುಕ್ತ. ಬೀರುವಿನಲ್ಲಿಟ್ಟ ಎರಡನೆಯ ಕೀಯ ಬಿಲ್ಲೆಯಂಥ ಬ್ಯಾಟರಿ ಯಾವಾಗಲೋ ಮುಗಿದಿರುತ್ತದೆ, ಕಾರಿನ ಬ್ಯಾಟರಿಯೂ ಡೌನ್ ಆಗಿದ್ದರೆ ಬಾಗಿಲು ತೆರೆಯುವುದಿಲ್ಲ. ಹೆಚ್ಚಿನ ರಿಮೋಟ್ ಕೀಗಳ ಒಳಗೆ ಲೋಹದ ಪುಟ್ಟ ಕೀಯೊಂದು ಅಡಗಿರುತ್ತದೆ. ಅದನ್ನು ಹೇಗೆ ಹೊರತೆಗೆಯುವುದೆಂದು ಮನೆಯ ಎಲ್ಲರಿಗೂ ಒಮ್ಮೆ ತೋರಿಸಿಕೊಡಿ.

ಎಂಟನೆಯ ಹೆಜ್ಜೆ: ಹಣ ಕಟ್ಟುವ ಮುನ್ನ ಒಂದು ಕರೆ ಮಾಡಿ

ಜಾಹೀರಾತಿನಲ್ಲಿ ಭಾರತದಾದ್ಯಂತ ಸೇವೆ ಎಂದು ಬರೆದಿರುತ್ತದೆ. ನಿಮಗೆ ಬೇಕಾದದ್ದು ನಿಮ್ಮ ಊರಿನಲ್ಲಿ ಅವರ ಪರವಾಗಿ ಬರುವ ಮೆಕ್ಯಾನಿಕ್ ಎಲ್ಲಿದ್ದಾನೆ ಎಂಬ ಉತ್ತರ. ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ, ಅಲ್ಲಿಗೆ ಸೇವೆ ಇದೆಯೇ, ಹತ್ತಿರದ ಸಿಬ್ಬಂದಿ ಇರುವುದು ತುಮಕೂರಿನಲ್ಲೋ ಬೆಂಗಳೂರಿನಲ್ಲೋ, ರಾತ್ರಿ ಹತ್ತರ ನಂತರ ಬರುತ್ತಾರೆಯೇ, ಮನೆಯಲ್ಲೇ ಬ್ಯಾಟರಿ ಡೌನ್ ಆದರೆ ಬರುತ್ತಾರೆಯೇ, ಟೋಯಿಂಗ್ ದೂರವನ್ನು ಎಲ್ಲಿಂದ ಎಣಿಸುತ್ತಾರೆ ಎಂದು ಕೇಳಿ. ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಕಾರಿನೊಳಗೆ ಕುಳಿತು ಕರೆ ಮಾಡಬೇಕಾದವರು ಎಪ್ಪತ್ತು ದಾಟಿದ ತಾಯಿಯೋ ತಂದೆಯೋ ಆಗಿರುವಾಗ ಭಾಷೆ ತೀರಾ ಮುಖ್ಯವಾಗುತ್ತದೆ. ಉತ್ತರಗಳನ್ನು ಇಮೇಲ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಬರಹದಲ್ಲಿ ಕಳುಹಿಸುವಂತೆ ಕೇಳಿಕೊಳ್ಳಿ. ಹಿಂದೂಪುರ, ಲೇಪಾಕ್ಷಿ, ತಿರುಪತಿ ಕಡೆಗೆ ಹೋಗುವವರು ಗಡಿ ದಾಟಿದ ಮೇಲೆ ಕಾರನ್ನು ಅಲ್ಲಿನ ವರ್ಕ್‌ಶಾಪಿಗೇ ಒಯ್ಯುತ್ತಾರೋ, ಕರ್ನಾಟಕಕ್ಕೆ ಮರಳಿ ತರುತ್ತಾರೋ ಎಂದೂ ಕೇಳಬೇಕು.

ಕೊಳ್ಳದೆ ಇರುವುದೇ ಸರಿ ಎನ್ನುವ ಸಂದರ್ಭ

ಕಾರು ಊರ ಎಲ್ಲೆ ದಾಟುವುದೇ ಇಲ್ಲ, ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಬರುವ ಪರಿಚಯದ ಮೆಕ್ಯಾನಿಕ್ ಇದ್ದಾರೆ ಎಂದಾದರೆ ಈ ಹಣವನ್ನು ಕಾರಿನ ಆರೈಕೆಗೇ ಹಾಕುವುದು ಜಾಣತನ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಬ್ಯಾಟರಿಯನ್ನು ನಿಧಾನವಾಗಿ ತುಂಬುವ ಟ್ರಿಕಲ್ ಚಾರ್ಜರ್ ಅಥವಾ ಒಂದು ಜಂಪ್ ಸ್ಟಾರ್ಟರ್ ಮನೆಯಲ್ಲಿದ್ದರೆ ಗೇಟಿನಲ್ಲಿ ಬರುವ ತೊಂದರೆಗಳಲ್ಲಿ ದೊಡ್ಡ ಪಾಲು ಅಲ್ಲಿಗೇ ತೀರುತ್ತದೆ. ಮಲ್ಟಿಮೀಟರಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ, 12.4ಕ್ಕೆ ಇಳಿದಿದ್ದರೆ ಚಾರ್ಜ್ ಮಾಡುವ ಸಮಯ ಬಂದಿದೆ, 12ಕ್ಕಿಂತ ಕೆಳಗಿದ್ದರೆ ಸೆಲ್ಫ್ ಹೊಡೆಯುವುದು ಅನುಮಾನ. ಗೇಟಿನಲ್ಲೇ ಹತ್ತು ನಿಮಿಷ ಇಂಜಿನ್ ಓಡಿಸಿ ಆರಿಸುವುದರಿಂದ ಬ್ಯಾಟರಿ ತುಂಬುವುದಿಲ್ಲ, ಏಕೆಂದರೆ ಐಡಲ್‌ನಲ್ಲಿ ಆಲ್ಟರ್ನೇಟರ್ ಕೊಡುವ ವಿದ್ಯುತ್ ಕಡಿಮೆ. ಹದಿನೈದು ದಿನಕ್ಕೊಮ್ಮೆ ಕ್ಯಾತ್ಸಂದ್ರ ದಾಟಿ ಅರ್ಧ ಮುಕ್ಕಾಲು ಗಂಟೆ ಓಡಿಸಿ ಬಂದರೆ ಬ್ಯಾಟರಿ, ಬ್ರೇಕ್, ಟೈರು ಮೂರಕ್ಕೂ ಒಳ್ಳೆಯದು. ಸಮತಟ್ಟಾದ ಜಾಗದಲ್ಲಿ ಹೆಚ್ಚು ದಿನ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲನ್ನೋ ಮರದ ತುಂಡನ್ನೋ ಅಡ್ಡ ಕೊಡಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಮನೆಯಲ್ಲಿ ಹೃದ್ರೋಗಿಗಳೋ ಗರ್ಭಿಣಿಯರೋ ಇದ್ದು, ಕಾರನ್ನು ಇಟ್ಟುಕೊಂಡಿರುವುದೇ ಆಸ್ಪತ್ರೆಗಾಗಿ ಎಂದಾದರೆ, ಯಾವ ರಸ್ತೆಬದಿ ನೆರವೂ ಆ ಗಳಿಗೆಗೆ ಒದಗುವುದಿಲ್ಲ. ಕಾರು ಸ್ಟಾರ್ಟ್ ಆಗದಿದ್ದರೆ ಎರಡನೆಯ ಪ್ರಯತ್ನಕ್ಕೂ ಕಾಯದೆ 108ಕ್ಕೆ ಕರೆ ಮಾಡಿ.

ಕೊಂಡ ಮೇಲೆ

ಸಹಾಯವಾಣಿಯ ಸಂಖ್ಯೆ, ಪಾಲಿಸಿ ಅಥವಾ ಸದಸ್ಯತ್ವ ಸಂಖ್ಯೆ, ಮುಗಿಯುವ ದಿನಾಂಕ ಈ ಮೂರನ್ನು ದಪ್ಪ ಅಕ್ಷರದಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ. ಆ್ಯಪ್ ಒಂದನ್ನೇ ನಂಬಬೇಡಿ. ದೇವರಾಯನದುರ್ಗದ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಆ್ಯಪ್ ತೆರೆಯುವುದಿಲ್ಲ. ಕರೆ ಮಾಡಿದಾಗ ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಎಡಬಲ ಯಾವ ದಿಕ್ಕಿನ ರಸ್ತೆ ಎಂಬುದನ್ನೂ ಹೇಳಿ, ಹಳ್ಳಿಯಾದರೆ ಹೋಬಳಿ ಮತ್ತು ತಾಲ್ಲೂಕಿನ ಹೆಸರು ಸೇರಿಸಿ, ಏಕೆಂದರೆ ಒಂದೇ ಹೆಸರಿನ ಊರುಗಳು ನಮ್ಮ ಜಿಲ್ಲೆಯಲ್ಲೇ ಹಲವು ಇವೆ. ದೂರು ಸಂಖ್ಯೆ ಪಡೆಯದೆ ಕರೆ ಮುಗಿಸಬೇಡಿ. ಟೋಯಿಂಗ್ ಗಾಡಿಗೆ ಏರಿಸುವ ಮುನ್ನ ಕಾರಿನ ನಾಲ್ಕು ಬದಿಗಳ, ಮೀಟರಿನ ಚಿತ್ರ ತೆಗೆದುಕೊಳ್ಳಿ. ಉಚಿತ ಮಿತಿಯೊಳಗೇ ಇದ್ದರೂ ಚಾಲಕ ಹಣ ಕೇಳಿದರೆ, ಕೊಡುವ ಮೊದಲು ಸಹಾಯವಾಣಿಗೆ ಮತ್ತೆ ಕರೆ ಮಾಡಿ. ಕೊಡಲೇಬೇಕಾಗಿ ಬಂದರೆ ಯುಪಿಐ ಮೂಲಕ ಕೊಟ್ಟು ರಸೀದಿ ಪಡೆಯಿರಿ.

ಬರಬೇಕಾದ ನೆರವು ಬಾರದಿದ್ದರೆ ಅಥವಾ ಷರತ್ತಿಗೆ ವಿರುದ್ಧವಾಗಿ ಹಣ ವಸೂಲಿಯಾದರೆ, ಅದು ವಿಮಾ ಕಂಪನಿಯ ಆಡ್-ಆನ್ ಆಗಿದ್ದಲ್ಲಿ ಮೊದಲು ಆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಅಲ್ಲಿ ಪರಿಹಾರ ಸಿಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿ ದೂರು ದಾಖಲಿಸಿ. ಅದರ ಮುಂದಿನ ಮೆಟ್ಟಿಲು ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿ. ಸ್ವತಂತ್ರ ಸಂಸ್ಥೆಯ ಸದಸ್ಯತ್ವಕ್ಕೆ ಈ ದಾರಿ ಇಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬೈಯಲ್ಲೋ ದೆಹಲಿಯಲ್ಲೋ ಇದ್ದರೂ ಅಲ್ಲಿಗೆ ಹೋಗಬೇಕಾಗಿಲ್ಲ.